ಗಿಡಮೂಲಿಕೆಯ ಪರೀಕ್ಷೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಗಾಯಕ್ಕೆ ಹಚ್ಚುವ ಒಂದು ಸೊಪ್ಪಿನಲ್ಲಿ ಏನೇನಿದೆ ಎಂದು ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಪರೀಕ್ಷಿಸಬೇಕೆಂದಿದ್ದೇವೆ. ಯಾವ ಟೆಸ್ಟಿನಿಂದ ಶುರು ಮಾಡುವುದು?

ಉತ್ತರ: ಟೆಸ್ಟಿಗೆ ಮೊದಲು ಗಿಡದ ಗುರುತು ಖಚಿತವಾಗಲಿ. ಬ್ರಾಹ್ಮಿ ಕೇಳಿದರೆ ಒಬ್ಬರು ಒಂದೆಲಗ ಕೊಡುತ್ತಾರೆ, ಇನ್ನೊಬ್ಬರು ನೀರುಬ್ರಾಹ್ಮಿ ಕೊಡುತ್ತಾರೆ. ಒಂದೆಲಗ ಎಂದರೆ ಸೆಂಟೆಲ್ಲಾ ಏಷ್ಯಾಟಿಕಾ, ಅದರಲ್ಲಿರುವುದು ಏಷ್ಯಾಟಿಕೋಸೈಡ್. ನೀರುಬ್ರಾಹ್ಮಿ ಬಕೋಪಾ ಮೊನ್ನಿಯೇರಿ, ಅದರಲ್ಲಿ ಬಕೋಸೈಡ್‌ಗಳು. ಇಲ್ಲಿ ಎಡವಿದರೆ ಮುಂದಿನ ಅಳತೆಯೆಲ್ಲ ಎಷ್ಟೇ ನಿಖರವಾಗಿದ್ದರೂ ಬೇರೆ ಗಿಡದ ಲೆಕ್ಕವಾಗಿಬಿಡುತ್ತದೆ.

ಹೂವೋ ಕಾಯೋ ಇರುವ ರೆಂಬೆಯನ್ನು ಪತ್ರಿಕೆಯ ಹಾಳೆಗಳ ನಡುವೆ ಒತ್ತಿಡಿ, ಹಾಳೆ ದಿನವೂ ಬದಲಿಸಿ. ಒಣಗಿದ ಮೇಲೆ ಸ್ಥಳ, ದಿನಾಂಕ, ಹೂವಿನ ಬಣ್ಣ ಬರೆದ ಚೀಟಿಯೊಂದಿಗೆ, ಒಣಗಿಸಿದ ಗಿಡಗಳ ಸಂಗ್ರಹವಾದ ಹರ್ಬೇರಿಯಂಗೆ ಕೊಟ್ಟು ಮಾದರಿ ಸಂಖ್ಯೆ ಪಡೆಯಿರಿ. ಒಣಗಿದರೆ ಹೂವಿನ ಬಣ್ಣ ಹೋಗುತ್ತದೆ, ಹಾಗಾಗಿ ಅದನ್ನು ಕೊಯ್ದ ಜಾಗದಲ್ಲೇ ಬರೆದುಕೊಳ್ಳಬೇಕು. ಎಳೆ ಎಲೆಯೋ ಬಲಿತ ಎಲೆಯೋ, ಯಾವ ತಿಂಗಳು ಕೊಯ್ದದ್ದು ಎಂಬುದೂ ಬೇಕು. ಒಂದೇ ಗಿಡದಲ್ಲಿ ಇವುಗಳಿಗೆ ತಕ್ಕಂತೆ ಅಂಶಗಳ ಪ್ರಮಾಣ ಏರಿಳಿಯುತ್ತದೆ.

ಎಲೆ ತೊಳೆದು, ನೀರು ಬಸಿದು, ನೆರಳಲ್ಲಿ ತೆಳ್ಳಗೆ ಹರಡಿ. ಒಲೆಪೆಟ್ಟಿಗೆ ಬಳಸುವುದಾದರೆ 40 ಡಿಗ್ರಿ ಸೆಲ್ಸಿಯಸ್ ಮೀರಬೇಡಿ. ಎಲೆ ಮಡಚಿದಾಗ ಬಾಗದೆ ಪಟ್ಟೆಂದು ಮುರಿದರೆ ಹದ ಬಂತು. ಅರೆಬರೆ ಒಣಗಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಆಮೇಲೆ ನೀವು ಅಳೆಯುವುದು ಗಿಡದ ಜೊತೆಗೆ ಬೂಷ್ಟಿನ ವಿಷವನ್ನೂ. ಇನ್ನೊಂದು ಮಾತು. ಈ ಸೊಪ್ಪಿನ ಉಪಯೋಗ ಹೇಳಿಕೊಟ್ಟವರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ, ವರದಿಯಲ್ಲಿ ಅವರ ಜ್ಞಾನದ ಮೂಲವನ್ನು ದಾಖಲಿಸಿ. ಜೈವಿಕ ಸಂಪತ್ತಿನ ಲಾಭ ಹಂಚಿಕೆಯ ಕುರಿತ 2010ರ ನಗೋಯಾ ಒಪ್ಪಂದ ಕೇಳುವುದೂ ಇದನ್ನೇ. ಲಾಭ ಬಂದರೆ ಅದರಲ್ಲಿ ಅವರಿಗೂ ಪಾಲಿದೆ.

ಪ್ರಶ್ನೆ: ಹಿರಿಯರು ನೀರಲ್ಲಿ ಕುದಿಸಿ ಕಷಾಯ ಮಾಡುತ್ತಾರೆ. ಸಂಶೋಧನಾ ಲೇಖನಗಳಲ್ಲಿ ಮೆಥನಾಲ್ ಎಂದಿರುತ್ತದೆ. ಯಾವುದು ಸರಿ?

ಉತ್ತರ: ಎರಡನ್ನೂ ಮಾಡಿ, ಪಕ್ಕಪಕ್ಕ ಇಟ್ಟು ನೋಡಿ. ನೀರು ಸಕ್ಕರೆಸರಪಳಿಗಳನ್ನೂ ಒಗರಿನ ಅಂಶಗಳಾದ ಟ್ಯಾನಿನ್‌ಗಳನ್ನೂ ಚೆನ್ನಾಗಿ ಎಳೆಯುತ್ತದೆ; ಹೆಕ್ಸೇನ್ ಎಂಬ ದ್ರಾವಕ ಎಣ್ಣೆ, ಮೇಣಗಳನ್ನು. ಶೇ 70ರ ಎಥನಾಲ್ ನಡುವಿನದು, ಮೊದಲ ಪ್ರಯತ್ನಕ್ಕೆ ನಾವು ಸೂಚಿಸುವುದು ಅದನ್ನೇ. 10 ಗ್ರಾಂ ಪುಡಿಗೆ 100 ಮಿ.ಲೀ. ಹಾಕಿ, ಕೋಣೆಯ ಉಷ್ಣತೆಯಲ್ಲಿ 24 ಗಂಟೆ ಶೇಕರ್ ಮೇಲಿಡಿ, ಸೋಸಿ. ಉಳಿದ ಗಸಿಗೆ ಹೊಸ ದ್ರಾವಕ ಹಾಕಿ ಇನ್ನೆರಡು ಸಲ ಹೀಗೇ ಮಾಡಿ. ಮೂರೂ ಸೋಸುಗಳನ್ನು ಸೇರಿಸಿ, ಒತ್ತಡ ಇಳಿಸಿ ದ್ರಾವಕವನ್ನು ಆವಿ ಮಾಡುವ ರೋಟರಿ ಇವ್ಯಾಪೊರೇಟರಿನಲ್ಲಿ 40 ಡಿಗ್ರಿಯ ಆಸುಪಾಸಿನಲ್ಲಿ ಆರಿಸಿ, ಸಿಕ್ಕ ಸಾರವನ್ನು ತೂಗಿ. 10 ಗ್ರಾಂನಿಂದ 1.2 ಗ್ರಾಂ ಬಂದರೆ ಇಳುವರಿ ಶೇ 12. ಈ ಅಂಕಿ ಬರೆಯದ ವರದಿಯಿಂದ ಸಾರದ ಲೆಕ್ಕವನ್ನು ಎಲೆಯ ಲೆಕ್ಕಕ್ಕೆ ತರಲು ಯಾರಿಂದಲೂ ಆಗದು. ಮೆಥನಾಲ್ ಸಾರ ಪರೀಕ್ಷೆಗೆ ಮಾತ್ರ. ಅದನ್ನು ಯಾರೂ ಬಾಯಿಗೆ ಹಾಕುವಂತಿಲ್ಲ.

ಕಾಯಿಸುವುದರಲ್ಲಿ ಎಷ್ಟು ಕಳೆದುಹೋಗಬಹುದು ಎಂಬುದಕ್ಕೆ ಮಲೇರಿಯಾ ಔಷಧ ಆರ್ಟೆಮಿಸಿನಿನ್ ಸಾಕ್ಷಿ. ಚೀನಾದಲ್ಲಿ ತು ಯುಯು ಅವರ ತಂಡ ಮಲೇರಿಯಾ ಔಷಧಕ್ಕಾಗಿ ಆರ್ಟೆಮಿಸಿಯಾ ಆನ್ಯುವಾ ಗಿಡವನ್ನು ಪರೀಕ್ಷಿಸುತ್ತಿದ್ದಾಗ ಫಲಿತಾಂಶ ಒಮ್ಮೆ ಬಂದದ್ದು ಇನ್ನೊಮ್ಮೆ ಬರುತ್ತಿರಲಿಲ್ಲ. ನಾಲ್ಕನೇ ಶತಮಾನದ ಗೆ ಹಾಂಗ್ ಎಂಬ ವೈದ್ಯ, ಈ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕೆಂದು ಬರೆದಿದ್ದ. ಕುದಿಸುವ ಮಾತೇ ಇರಲಿಲ್ಲ. ಅದನ್ನು ಓದಿದ ತು ಯುಯು, ಸುಮಾರು 35 ಡಿಗ್ರಿಗೇ ಕುದಿಯುವ ಈಥರನ್ನು ದ್ರಾವಕವಾಗಿ ಬಳಸಿದರು. 1971ರಲ್ಲಿ ಆ ಸಾರ ಇಲಿಗಳ ಮಲೇರಿಯಾವನ್ನು ಪೂರ್ತಿ ತಡೆಯಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಹಾಗಾಗಿ ಹಿರಿಯರನ್ನು ಕೇಳುವಾಗ ಗಿಡದ ಹೆಸರಿನ ಜೊತೆ ತಯಾರಿಕೆಯ ಕ್ರಮವನ್ನೂ ವಿವರವಾಗಿ ಕೇಳಿ: ಹಸಿಯೋ ಒಣಗಿದ್ದೋ, ಎಷ್ಟು ಹೊತ್ತು, ಎಷ್ಟು ನೀರಿಗೆ.

ಪ್ರಶ್ನೆ: ಫೆರಿಕ್ ಕ್ಲೋರೈಡ್ ಹಾಕಿದಾಗ ಕಡುನೀಲಿ ಬಂತು, ಕುಲುಕಿದಾಗ ನೊರೆಯೂ ನಿಂತಿತು. ಟ್ಯಾನಿನ್, ನೊರೆ ಕಟ್ಟುವ ಸಪೋನಿನ್ ಇವೆ ಎಂದು ಬರೆಯಬಹುದೇ?

ಉತ್ತರ: "ಇರುವ ಸೂಚನೆಯಿದೆ" ಎಂದು ಬರೆಯಿರಿ. ಟ್ಯಾನಿನ್ ಒಂದು ಬಗೆಯ ಫೀನಾಲ್, ಆದರೆ ಫೆರಿಕ್ ಕ್ಲೋರೈಡ್ ಬಹುತೇಕ ಯಾವ ಫೀನಾಲ್ ಸಿಕ್ಕರೂ ಬಣ್ಣ ಕೊಡುತ್ತದೆ. ನೊರೆ ಹತ್ತು ನಿಮಿಷವಾದರೂ ಇಳಿಯದಿದ್ದರೆ ಸಪೋನಿನ್ ಇರುವ ಸಂಭವ ಹೆಚ್ಚು, ಆದರೆ ಪ್ರೋಟೀನ್ ಕೂಡ ನೊರೆ ಕಟ್ಟುತ್ತದೆ.

ಪ್ರಶ್ನೆ: ಡಿಪಿಪಿಎಚ್ ಎಂಬ ಆ್ಯಂಟಿಆಕ್ಸಿಡೆಂಟ್ ಪರೀಕ್ಷೆಯಲ್ಲಿ ನಮ್ಮ ಸಾರ ಎಲ್ಲ ಸಾಂದ್ರತೆಯಲ್ಲೂ ಶೇ 92ರಿಂದ 95ರಷ್ಟು ಬಣ್ಣ ಇಳಿಸುತ್ತಿದೆ. ಗಿಡ ಅಷ್ಟು ಶಕ್ತಿಯುತವೇ?

ಉತ್ತರ: ನೀವು ಹಾಕಿದ ಸಾರವೇ ಹೆಚ್ಚಾಗಿದೆ ಎಂದಷ್ಟೇ ಅದರ ಅರ್ಥ. ಡಿಪಿಪಿಎಚ್ ನೇರಳೆ ಬಣ್ಣದ ಮುಕ್ತ ರ‍್ಯಾಡಿಕಲ್. ಆ್ಯಂಟಿಆಕ್ಸಿಡೆಂಟ್ ಸಿಕ್ಕರೆ ಹಳದಿಗೆ ತಿರುಗುತ್ತದೆ. ಇದ್ದಷ್ಟೂ ಬಣ್ಣ ಮುಗಿದ ಮೇಲೆ ಇನ್ನೆಷ್ಟು ಸಾರ ಸುರಿದರೂ ಅಂಕಿ ಮೇಲೇರದು. ಸಾರವನ್ನು ತೆಳು ಮಾಡಿ ಅಂತಿಮ ಸಾಂದ್ರತೆ ಪ್ರತಿ ಮಿ.ಲೀ.ಗೆ 2, 5, 10, 20, 50, 100 ಮೈಕ್ರೋಗ್ರಾಂ ಬರುವಂತೆ ಸರಣಿ ಮಾಡಿಕೊಳ್ಳಿ. ಶೇ 20ರಿಂದ 80ರ ನಡುವೆ ನಾಲ್ಕಾರು ಬಿಂದುಗಳು ಸಿಕ್ಕರೆ ಮಾತ್ರ ಐಸಿ50, ಅಂದರೆ ಅರ್ಧದಷ್ಟು ಬಣ್ಣ ಇಳಿಸಲು ಬೇಕಾದ ಸಾರದ ಸಾಂದ್ರತೆ, ಲೆಕ್ಕ ಹಾಕಿ. ಐಸಿ50 ಕಡಿಮೆಯಿದ್ದಷ್ಟೂ ಸಾರ ಬಲವಾದದ್ದು. ಇದನ್ನು ತಿರುವುಮುರುವಾಗಿ ಬರೆದ ವರದಿಗಳು ಬೇಕಾದಷ್ಟಿವೆ.

3.94 ಮಿ.ಗ್ರಾಂ ಡಿಪಿಪಿಎಚ್ ಅನ್ನು 100 ಮಿ.ಲೀ. ಮೆಥನಾಲಿನಲ್ಲಿ ಕರಗಿಸಿದರೆ 0.1 ಮಿಲಿಮೋಲಾರ್ ದ್ರಾವಣ. ಅದನ್ನು ಅಂದೇ ಮಾಡಿ ಅಂದೇ ಮುಗಿಸಿ, ಬಾಟಲಿಗೆ ಫಾಯಿಲ್ ಸುತ್ತಿಡಿ. 3 ಮಿ.ಲೀ. ದ್ರಾವಣಕ್ಕೆ 1 ಮಿ.ಲೀ. ಸಾರ ಹಾಕಿ, ಕತ್ತಲಲ್ಲಿ 30 ನಿಮಿಷ ಇಟ್ಟು 517 ನ್ಯಾನೋಮೀಟರಿನಲ್ಲಿ ಓದಿ. ಸಾರದ ಬದಲು ಬರೀ ಮೆಥನಾಲ್ ಹಾಕಿದ ನಳಿಕೆ ನಿಮ್ಮ ಕಂಟ್ರೋಲ್. ಬಹಳ ಜನ ಬಿಟ್ಟುಬಿಡುವ ನಳಿಕೆ ಇನ್ನೊಂದಿದೆ: 3 ಮಿ.ಲೀ. ಮೆಥನಾಲ್, 1 ಮಿ.ಲೀ. ಸಾರ, ಡಿಪಿಪಿಎಚ್ ಇಲ್ಲ. ಸಾರಕ್ಕೆ ಕೆಂಪೋ ಕಂದೋ ಸ್ವಂತ ಬಣ್ಣವಿದ್ದರೆ ಅದು ಇಲ್ಲಿ ಗೊತ್ತಾಗುತ್ತದೆ; ಸಾರದ ಓದಿನಿಂದ ಇದನ್ನು ಕಳೆದ ಮೇಲೆಯೇ ಶೇಕಡಾ ಲೆಕ್ಕ. ನೀರಿನ ಪಾಲು ಹೆಚ್ಚಾದರೆ ಡಿಪಿಪಿಎಚ್ ಕರಗಿ ನಿಲ್ಲದೆ ದ್ರಾವಣ ಮಸುಕಾಗುತ್ತದೆ, ಓದು ಕೆಡುತ್ತದೆ.

ಹೋಲಿಕೆಗೆ ಆಸ್ಕಾರ್ಬಿಕ್ ಆಮ್ಲವನ್ನೂ (ವಿಟಮಿನ್ ಸಿ) ಅದೇ ದಿನ, ಅದೇ ದ್ರಾವಣದಲ್ಲಿ ಓದಿ. ಒಂದೇ ಸಾರವನ್ನು ಮೂರು ನಳಿಕೆಗೆ ಹಾಕಿದರೆ ನಿಮ್ಮ ಪಿಪೆಟ್ ಎಷ್ಟು ಸ್ಥಿರ ಎಂದು ತಿಳಿಯುತ್ತದೆ, ಅಷ್ಟೇ. ಪುಡಿಯಿಂದಲೇ ಮೂರು ಸಲ ಬೇರೆಬೇರೆಯಾಗಿ ಸಾರ ತೆಗೆದು ಓದಿದರೆ ಅದು ನಿಜವಾದ ಪುನರಾವರ್ತನೆ.

ಪ್ರಶ್ನೆ: ನೆಲ್ಲಿಕಾಯಿಯಲ್ಲಿ ಒಟ್ಟು ಫೀನಾಲ್ ನಿರೀಕ್ಷೆ ಮೀರಿ ಬಂತು. ಅದನ್ನು ಅಳೆಯುವ ಫೋಲಿನ್ ದ್ರಾವಣವೇ ಕೆಟ್ಟಿದೆಯೇ?

ಉತ್ತರ: ದ್ರಾವಣ ಹಳದಿಯಾಗೇ ಇದ್ದರೆ ಕೆಟ್ಟಿಲ್ಲ, ಹಸಿರಿಗೆ ತಿರುಗಿದ್ದರೆ ಚೆಲ್ಲಿ. ಇಲ್ಲಿ ಅನುಮಾನಿಸಬೇಕಾದ್ದು ವಿಟಮಿನ್ ಸಿ ಮೇಲೆ. ಫೋಲಿನ್-ಸಿಯೋಕಾಲ್ಟ್ಯೂ ಫೀನಾಲನ್ನೇ ಆರಿಸಿ ಅಳೆಯುವುದಿಲ್ಲ, ಎಲೆಕ್ಟ್ರಾನ್ ಕೊಡುವ ಯಾವುದಕ್ಕೂ ನೀಲಿಯಾಗುತ್ತದೆ. ನೆಲ್ಲಿಯ ವಿಟಮಿನ್ ಸಿಯನ್ನು, ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರವಾದ ಎಚ್‌ಪಿಎಲ್‌ಸಿಯಲ್ಲಿ ಪ್ರತ್ಯೇಕ ಅಳೆಯಿರಿ. ಅಷ್ಟೇ ಶುದ್ಧ ವಿಟಮಿನ್ ಸಿ ಇದೇ ಪರೀಕ್ಷೆಯಲ್ಲಿ ಎಷ್ಟು ನೀಲಿ ಕೊಡುತ್ತದೆ ನೋಡಿ, ಅದನ್ನು ಕಳೆಯಿರಿ.

ಪ್ರಶ್ನೆ: ನಮ್ಮ ಸಾರ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಕೊಂದಿತು. ಇದನ್ನು ಪತ್ರಿಕೆಗೆ ತಿಳಿಸಬಹುದೇ?

ಉತ್ತರ: ದಯವಿಟ್ಟು ಬೇಡ. ಇದನ್ನು ಓದಿದ ರೋಗಿ ಚಿಕಿತ್ಸೆ ನಿಲ್ಲಿಸಿ ಆ ಸೊಪ್ಪು ಅರೆಯಲು ಕೂತರೆ ಜೀವಕ್ಕೇ ಅಪಾಯ. ಮೊದಲು ನೋಡಬೇಕಾದ್ದು, ಅದೇ ಪ್ರಮಾಣದಲ್ಲಿ ಆರೋಗ್ಯವಂತ ಕೋಶಗಳು ಉಳಿದವೇ ಎಂದು. ಸಾರ ಕರಗಿಸಲು ಬಳಸಿದ ದ್ರಾವಕ ಡಿಎಂಎಸ್‌ಒ ಶೇ 0.5 ದಾಟಿದ್ದರೆ ಆ ದ್ರಾವಕವೇ ಕೋಶಗಳಿಗೆ ಪೆಟ್ಟು ಕೊಟ್ಟಿರಬಹುದು. ಅದೊಂದನ್ನೇ ಹಾಕಿದ ಸಾಲು ತಟ್ಟೆಯಲ್ಲಿ ಇರಲೇಬೇಕು. ಬದುಕಿರುವ ಕೋಶಗಳು ನೇರಳೆ ಮಾಡುವ ಎಂಟಿಟಿ ಬಣ್ಣ ಬಳಸಿದ್ದರೆ ಕೋಶವಿಲ್ಲದ ಬಾವಿಗೂ ಸಾರ, ಎಂಟಿಟಿ ಹಾಕಿ ನೋಡಿ: ಆ್ಯಂಟಿಆಕ್ಸಿಡೆಂಟ್‌ಗಳು ಕೋಶದ ನೆರವಿಲ್ಲದೆಯೇ ಅದನ್ನು ನೇರಳೆ ಮಾಡಬಲ್ಲವು. ಅರಿಶಿನದ ಕರ್ಕ್ಯುಮಿನ್ ತಟ್ಟೆಯಲ್ಲಿ ಹತ್ತಾರು ಕೆಲಸ ಮಾಡುತ್ತದೆ. ಗ್ರಾಂಗಟ್ಟಲೆ ನುಂಗಿದರೂ ರಕ್ತಕ್ಕೆ ಸೇರುವುದು ಅತ್ಯಲ್ಪ. ಆಹಾರಗಳ ಆ್ಯಂಟಿಆಕ್ಸಿಡೆಂಟ್ ಅಂಕಿಗಳ ಓರ‍್ಯಾಕ್ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ಹಿಂತೆಗೆದುಕೊಂಡದ್ದೂ ಇದೇ ಕಾರಣಕ್ಕೆ: ನಳಿಕೆಯ ಅಂಕಿಯನ್ನು ಮಾರಾಟಗಾರರು ದೇಹದ ಲಾಭವೆಂದು ಸಾರುತ್ತಿದ್ದರು.

ಪ್ರಶ್ನೆ: ತಲೆಮಾರುಗಳಿಂದ ಬಳಸಿದ ಗಿಡಕ್ಕೂ ವಿಷಪರೀಕ್ಷೆ ಬೇಕೇ?

ಉತ್ತರ: ಬೇಕು. ಕೂಡಲೇ ವಾಂತಿ ತರಿಸುವ ಗಿಡವನ್ನು ಜನ ಬಿಟ್ಟುಬಿಡುತ್ತಾರೆ. ವರ್ಷಗಳ ಮೇಲೆ ಮೂತ್ರಪಿಂಡ ಕೆಡಿಸುವುದನ್ನು ಯಾರೂ ಆ ಗಿಡಕ್ಕೆ ತಳಕು ಹಾಕಿರುವುದಿಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆ ನುಂಗಿದ ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಹಾಳಾಯಿತು. ಸ್ಟೆಫಾನಿಯಾ ಗಿಡ ಹಾಕಬೇಕಾದಲ್ಲಿ ಮೂತ್ರಪಿಂಡಕ್ಕೆ ವಿಷವಾದ ಅರಿಸ್ಟೊಲೋಕಿಯಾ ಸೇರಿತ್ತು; ಚೀನೀ ಭಾಷೆಯಲ್ಲಿ ಎರಡರ ಹೆಸರೂ ಹತ್ತಿರಹತ್ತಿರ. ಇದರ ಜೊತೆ ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಪಾದರಸ ಮತ್ತು ಕೀಟನಾಶಕದ ಉಳಿಕೆಗಳನ್ನೂ ನೋಡಬೇಕು.

ಪ್ರಶ್ನೆ: ದೊಡ್ಡ ಯಂತ್ರಗಳಿಲ್ಲ. ಸಾರದಲ್ಲಿ ಕೆಲಸ ಮಾಡುವ ಅಂಶ ಯಾವುದೆಂದು ಹುಡುಕುವುದು ಹೇಗೆ?

ಉತ್ತರ: ಟಿಎಲ್‌ಸಿ ಪ್ಲೇಟು ಸಾಕು. ದ್ರಾವಕ ಮೇಲೇರುತ್ತಾ ಸಾರದ ಅಂಶಗಳನ್ನು ಬೇರೆಬೇರೆ ಎತ್ತರದಲ್ಲಿ ಬಿಡಿಸುವ ತೆಳು ಪದರದ ಪ್ಲೇಟು ಅದು. ಸಿಲಿಕಾ ಪ್ಲೇಟಿನ ತಳದಿಂದ 1 ಸೆಂ.ಮೀ. ಮೇಲೆ ಸಾರದ ಸಣ್ಣ ಚುಕ್ಕೆ ಇಟ್ಟು, ದ್ರಾವಕ ಅದಕ್ಕಿಂತ ಕೆಳಗೇ ಇರುವಂತೆ ನಿಲ್ಲಿಸಿ ಓಡಿಸಿ. ದ್ರಾವಕ ಚುಕ್ಕೆಯನ್ನು ಮುಟ್ಟಿದರೆ ಸಾರ ಅಲ್ಲೇ ಕರಗಿಹೋಗುತ್ತದೆ. ಪ್ಲೇಟು ಚೆನ್ನಾಗಿ ಆರಿದ ಮೇಲೆ ಮೆಥನಾಲಿನಲ್ಲಿ ಕರಗಿಸಿದ ಶೇ 0.2ರ ಡಿಪಿಪಿಎಚ್ ಸಿಂಪಡಿಸಿ. ನೇರಳೆ ಹಿನ್ನೆಲೆಯಲ್ಲಿ ಎಲ್ಲೆಲ್ಲಿ ಹಳದಿ ಮೂಡುತ್ತದೋ ಅಲ್ಲಲ್ಲಿ ನಿಮ್ಮ ಅಂಶವಿದೆ. ಸಿಂಪಡಿಸದ ಇನ್ನೊಂದು ಪ್ಲೇಟಿನಲ್ಲಿ ಅದೇ ಎತ್ತರದ ಪಟ್ಟಿಯನ್ನು ಕೆರೆದು ಮೆಥನಾಲಿನಲ್ಲಿ ಎತ್ತಿಕೊಳ್ಳಿ, ಮುಂದಿನ ವಿಶ್ಲೇಷಣೆಗೆ ಕಳಿಸಿ. ಬಿಡಿಬಿಡಿಯಾಗಿ ಯಾವ ಪಟ್ಟಿಯೂ ಇಡೀ ಸಾರದಷ್ಟು ಕೆಲಸ ಮಾಡದಿದ್ದರೆ ಎರಡೆರಡನ್ನು ಸೇರಿಸಿ ಮತ್ತೆ ಪರೀಕ್ಷಿಸಿ. ಕೆಲವು ಅಂಶಗಳು ಕೂಡಿದಾಗಲೇ ಕೆಲಸ ಮಾಡುತ್ತವೆ.