ವಾರ ಯಾರದು, ಭಾನುವಾರದ ರಜೆ ಯಾರದು?

ಹಾವೇರಿಯ ಓದುಗ ಮಹನೀಯರಿಗೆ ನಮಸ್ಕಾರ.

ಕಳೆದ ಸಂಚಿಕೆಯ ಪಂಚಾಂಗದ ಲೇಖನ ನಿಮಗೆ ಸಿಟ್ಟು ತರಿಸಿದೆ. ನಾಲ್ಕು ಪುಟ ತುಂಬ ಬರೆದಿದ್ದೀರಿ, ಅಕ್ಷರವೂ ಅಚ್ಚುಕಟ್ಟು. ಇತರ ಓದುಗರಿಗಾಗಿ ಅದರ ತಿರುಳನ್ನು ಹೇಳಿಬಿಡುತ್ತೇನೆ: ಏಳು ದಿನದ ವಾರ ವೇದಕಾಲದಿಂದಲೂ ನಮ್ಮದು, ಜಗತ್ತು ಅದನ್ನು ನಮ್ಮಿಂದ ಕಲಿಯಿತು, ಭಾನುವಾರದ ರಜೆಯಾದರೋ ಇಂಗ್ಲಿಷರು ತಮ್ಮ ಚರ್ಚಿನ ಸಲುವಾಗಿ ನಮ್ಮ ಮೇಲೆ ಹೇರಿದ್ದು, ಆದ್ದರಿಂದ ಅದನ್ನು ಬಿಟ್ಟು ಅಮಾವಾಸ್ಯೆ, ಹುಣ್ಣಿಮೆಗಳಿಗೆ ರಜೆ ಕೊಡಬೇಕು.

ನನಗೆ ಕಾಣುವ ಹಾಗೆ ನಿಮ್ಮ ವಾದದಲ್ಲಿ ಎರಡು ವಂಶವೃಕ್ಷಗಳು ಅದಲು ಬದಲಾಗಿವೆ. ವಾರ ಹೊರಗಿನಿಂದ ಬಂದದ್ದು. ಭಾನುವಾರದ ರಜೆಯನ್ನು ಈ ನೆಲದ ಜನ ಹೋರಾಡಿ ಪಡೆದದ್ದು.

ಮೊದಲು ವಾರ. ವೇದಾಂಗ ಜ್ಯೋತಿಷದಲ್ಲಿ ತಿಥಿಯಿದೆ, ನಕ್ಷತ್ರವಿದೆ, ಐದು ವರ್ಷದ ಯುಗವಿದೆ, ವಾರವಿಲ್ಲ. ಅಶೋಕನ ಐದನೆಯ ಸ್ತಂಭಶಾಸನ ಯಾವ ಯಾವ ದಿನ ಮೀನು ಹಿಡಿಯಬಾರದು, ಹೋರಿಗಳ ಬೀಜ ಒಡೆಯಬಾರದು, ಎತ್ತುಗಳಿಗೆ ಬರೆ ಹಾಕಬಾರದು ಎಂದು ಪಟ್ಟಿ ಕೊಡುತ್ತದೆ. ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಪುಷ್ಯ, ಪುನರ್ವಸು ಎಲ್ಲವೂ ಬರುತ್ತವೆ. ಸೋಮವಾರ, ಶನಿವಾರ ಎಂಬ ಮಾತಿಲ್ಲ. ದಿನದ ಲೆಕ್ಕದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಅರಸನಿಗೆ ವಾರ ಗೊತ್ತಿದ್ದರೆ ಬಿಡುತ್ತಿರಲಿಲ್ಲ. ನಮ್ಮ ಬಾದಾಮಿಗೇ ಬನ್ನಿ. ಕ್ರಿ.ಶ. 578ರಲ್ಲಿ ಮಂಗಲೇಶ ಮೂರನೆಯ ಗುಹೆಯಲ್ಲಿ ಬರೆಸಿದ ಶಾಸನ ಶಕವರ್ಷವನ್ನು ಹೇಳುತ್ತದೆ, ಕಾರ್ತಿಕ ಹುಣ್ಣಿಮೆಯನ್ನು ಹೇಳುತ್ತದೆ, ವಾರವನ್ನು ಹೇಳುವುದಿಲ್ಲ.

ವಾರ ಹೆಸರಿಸುವ ಅತಿ ಹಳೆಯ ಭಾರತೀಯ ಶಾಸನವೆಂದು ವಿದ್ವಾಂಸರು ತೋರಿಸುವುದು ಮಧ್ಯಪ್ರದೇಶದ ಏರಣದ ಗರುಡಗಂಬವನ್ನು. ಗುಪ್ತರ ಬುಧಗುಪ್ತನ ಕಾಲದ್ದು, ಕ್ರಿ.ಶ. 484, ಆಷಾಢ ಶುದ್ಧ ದ್ವಾದಶಿ, ಸುರಗುರುವಿನ ದಿನ, ಅಂದರೆ ಗುರುವಾರ. ಅದಕ್ಕೂ ನಾನ್ನೂರು ವರ್ಷ ಹಿಂದೆ, ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪಾಂಪೇ ನಗರದ ಗೋಡೆಯೊಂದರ ಮೇಲೆ ಯಾರೋ ಏಳು ಗ್ರಹಗಳ ದಿನಗಳನ್ನು ಕ್ರಮವಾಗಿ ಗೀಚಿದ್ದಾರೆ: ಶನಿ, ಸೂರ್ಯ, ಚಂದ್ರ, ಮಂಗಳ ಎಂದು.

ಶಾಸನ ಸಿಗದಿದ್ದ ಮಾತ್ರಕ್ಕೆ ವಾರವೇ ಇರಲಿಲ್ಲ ಎನ್ನಲಾದೀತೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಕಲ್ಲಿಗಿಂತ ಗಟ್ಟಿಯಾದ ಸಾಕ್ಷಿ ವಾರದ ಹೊಟ್ಟೆಯೊಳಗೇ ಇದೆ. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ.

ಭಾನುವಾರದ ನಂತರ ಸೋಮವಾರವೇ ಏಕೆ? ಆಕಾಶದಲ್ಲಿ ಆ ಕ್ರಮವಿಲ್ಲ. ಅತಿ ನಿಧಾನದ ಗ್ರಹದಿಂದ ಅತಿ ವೇಗದ್ದಕ್ಕೆ ಬಂದರೆ ಶನಿ, ಗುರು, ಮಂಗಳ, ಸೂರ್ಯ, ಶುಕ್ರ, ಬುಧ, ಚಂದ್ರ. ದಿನವನ್ನು 24 ಹೋರೆಗಳಾಗಿ ಭಾಗ ಮಾಡಿ, ಒಂದೊಂದನ್ನು ಒಂದೊಂದು ಗ್ರಹಕ್ಕೆ ಈ ಸರದಿಯಲ್ಲಿ ಹಂಚಿ. ಮೊದಲ ಹೋರೆಯ ಒಡೆಯನೇ ಆ ದಿನದ ಒಡೆಯ. ಶನಿಯಿಂದ ಶುರುವಾದರೆ 22ನೆಯ ಹೋರೆ ಮತ್ತೆ ಶನಿಗೆ, 23ನೆಯದು ಗುರುವಿಗೆ, 24ನೆಯದು ಮಂಗಳನಿಗೆ. ಮರುದಿನದ ಮೊದಲ ಹೋರೆ ಸೂರ್ಯನದು. ಶನಿವಾರದ ಮರುದಿನ ಭಾನುವಾರವಾದದ್ದು ಹೀಗೆ. ಮುಂದಿನದನ್ನು ನೀವೇ ಎಣಿಸಿ, ಸೋಮ, ಮಂಗಳ, ಬುಧ ತಾವಾಗಿ ಬರುತ್ತವೆ. ಆರ್ಯಭಟ 499ರ ಸುಮಾರಿಗೆ ಇದನ್ನೇ ಒಂದು ಶ್ಲೋಕದಲ್ಲಿ ಅಡಕ ಮಾಡಿದ್ದಾನೆ: ಶನಿಯಿಂದ ತೊಡಗಿ ವೇಗದ ಕ್ರಮದಲ್ಲಿ ನಾಲ್ಕನೆಯವನು ಸೂರ್ಯೋದಯದಿಂದ ದಿನಕ್ಕೆ ಅಧಿಪತಿ. ರೋಮಿನ ಚರಿತ್ರಕಾರ ಡಿಯೊ ಕ್ಯಾಸಿಯಸ್ ಮೂರನೆಯ ಶತಮಾನದಲ್ಲಿ ಇದೇ ಲೆಕ್ಕ ಹೇಳಿ, ಕೀರ್ತಿಯನ್ನು ಈಜಿಪ್ಟಿನವರಿಗೆ ಕೊಟ್ಟಿದ್ದಾನೆ.

ಈಗ ಗಮನಿಸಿ. ನಮ್ಮ ಹಳೆಯ ದಿನಮಾನ 24 ಹೋರೆಯದಲ್ಲ, 60 ಘಳಿಗೆಯದು. ವಾರ ಇಲ್ಲೇ ಹುಟ್ಟಿದ್ದರೆ ಹಂಚಿಕೆ ಘಳಿಗೆಯ ಮೇಲೆ ನಡೆಯಬೇಕಿತ್ತು. 60ನ್ನು ಏಳರಿಂದ ಭಾಗಿಸಿದರೆ ನಾಲ್ಕು ಉಳಿಯುತ್ತದೆ. ಆಗ ಶನಿವಾರದ ಮರುದಿನ ಶುಕ್ರವಾರ ಬರುತ್ತದೆ, ಅದರ ಮರುದಿನ ಗುರುವಾರ! ಇಡೀ ವಾರ ಹಿಂದುಮುಂದಾಗಿ ಓಡುತ್ತದೆ. ನಾವು ಇಂದು ಎಣಿಸುವ ಕ್ರಮ 24 ಭಾಗದ ದಿನವನ್ನು ಬಳಸುತ್ತಿದ್ದವರ ಕೈಯಲ್ಲಿ ಮಾತ್ರ ಮೂಡಲು ಸಾಧ್ಯ. ದೇಶಾಭಿಮಾನಕ್ಕೆ ಈ ಭಾಗಾಕಾರದ ಶೇಷವನ್ನು ಬದಲಿಸುವ ಶಕ್ತಿಯಿಲ್ಲ.

ಹಾಗಾದರೆ ವಾರ ಗ್ರೀಕರದೇ? ಅದೂ ಅಲ್ಲ. ಏಳು ದಿನಕ್ಕೊಮ್ಮೆ ಕೆಲಸ ನಿಲ್ಲಿಸುವ ಪದ್ಧತಿ ಯಹೂದಿಗಳದು. ಅವರ ದಿನಗಳಿಗೆ ಗ್ರಹಗಳ ಹೆಸರೇ ಇಲ್ಲ, ಒಂದು, ಎರಡು ಎಂಬ ಎಣಿಕೆ, ಕೊನೆಗೆ ಸಬ್ಬತ್. ದಿನಕ್ಕೆ 24 ಭಾಗ ಈಜಿಪ್ಟಿನದು. ಗ್ರಹಗಳ ಚಲನೆಯನ್ನು ತಲೆಮಾರುಗಟ್ಟಲೆ ಬರೆದಿಟ್ಟವರು ಬಾಬಿಲೋನಿನವರು. ಇವೆಲ್ಲ ಒಂದಾದದ್ದು ಅಲೆಕ್ಸಾಂಡರನ ನಂತರದ ಮೆಡಿಟರೇನಿಯನ್ ಜಗತ್ತಿನಲ್ಲಿ. ಇಂಥದ್ದಕ್ಕೆ ಒಬ್ಬ ಜನಕನನ್ನು ಹುಡುಕುವುದು ನನಗೆ ಅಷ್ಟು ರುಚಿಸುವ ಕೆಲಸವಲ್ಲ. ಬಂದದ್ದನ್ನು ನಮ್ಮವರು ಏನು ಮಾಡಿಕೊಂಡರು ಎಂಬುದು ಹೆಚ್ಚು ಸ್ವಾರಸ್ಯ. ತಿಥಿ, ನಕ್ಷತ್ರ, ಯೋಗ, ಕರಣಗಳ ನಡುವೆ ವಾರಕ್ಕೂ ಒಂದು ಮಣೆ ಹಾಕಿ ಕೂರಿಸಿದರು. ದಿನ ಸೂರ್ಯೋದಯಕ್ಕೇ ಶುರುವಾಗಬೇಕೆಂದರು. ಸೋಮವಾರ ಶಿವನಿಗೆ, ಶನಿವಾರ ಹನುಮಂತನಿಗೆ ಹೋಯಿತು. ಕನ್ನಡ ಶಾಸನಗಳಲ್ಲಿ ಬರುವ ‘ವಡ್ಡವಾರ’ ಶನಿವಾರವೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಊರೂರಿನ ಸಂತೆ ವಾರಕ್ಕೆ ಅಂಟಿಕೊಂಡಿತು. ನಮ್ಮ ಬಯಲುಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಇಂದಿಗೂ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಬಸವಣ್ಣನ ದಿನವೆಂದು.

ಮನುಷ್ಯರ ರಜೆಯ ಕಥೆ ಬೇರೆ. ಭಾನುವಾರಕ್ಕೆ ಸರ್ಕಾರಿ ಮುದ್ರೆ ಬಿದ್ದದ್ದು 321ರಲ್ಲಿ, ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನನಿಂದ. ನ್ಯಾಯಾಧೀಶರಿಗೂ ಪಟ್ಟಣಿಗರಿಗೂ ವಿಶ್ರಾಂತಿ, ರೈತರಿಗೆ ಮಾತ್ರ ಉಳುಮೆಗೆ ಅನುಮತಿ. ಇಂಗ್ಲಿಷರು ತಮ್ಮ ಕಚೇರಿಗಳಲ್ಲಿ ಅದನ್ನು ಪಾಲಿಸಿದರು, ನಿಜ. ಆದರೆ ಮುಂಬಯಿಯ ಹತ್ತಿ ಗಿರಣಿಗಳ ಕಾರ್ಮಿಕರಿಗೆ ಅದನ್ನು ಯಾರೂ ಹೇರಲಿಲ್ಲ, ಕೊಡಲೂ ಇಲ್ಲ. ಅದನ್ನು ಕೇಳಿದವರು ಜ್ಯೋತಿಬಾ ಫುಲೆಯವರ ಅನುಯಾಯಿ, ‘ದೀನಬಂಧು’ ಪತ್ರಿಕೆಯ ಸಂಪಾದಕ ನಾರಾಯಣ ಮೇಘಾಜಿ ಲೋಖಂಡೆ. 1884ರಲ್ಲಿ ಗಿರಣಿ ಕಾರ್ಮಿಕರ ಸಭೆ ಸೇರಿಸಿ, ವಾರಕ್ಕೊಂದು ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಹೊತ್ತಿಗೆ ಸರಿಯಾಗಿ ಸಂಬಳ ಎಂದು ಬೇಡಿಕೆ ಇಟ್ಟರು. ಗಿರಣಿ ಮಾಲೀಕರು ಒಪ್ಪಲು ಆರು ವರ್ಷ ಹಿಡಿಯಿತು. 1890ರ ಜೂನ್‌ನಲ್ಲಿ ಒಪ್ಪಿದರು. ಆ ಮಾಲೀಕರಲ್ಲಿ ಬಹಳಷ್ಟು ಜನ ನಮ್ಮ ದೇಶದವರೇ ಎಂಬುದನ್ನು ನಿಮ್ಮ ಪತ್ರದ ಅಂಚಿನಲ್ಲಿ ಬರೆದುಕೊಳ್ಳಿ.

ಭಾನುವಾರವನ್ನೇ ಏಕೆ ಕೇಳಿದರು ಎಂಬುದಕ್ಕೆ ಒಂದು ಮಾತು ಹೇಳುತ್ತಾರೆ: ಅದು ಖಂಡೋಬನ ವಾರ. ಖಂಡೋಬ ಎಂದರೆ ನಮ್ಮ ಮೈಲಾರಲಿಂಗ. ದೇವರಗುಡ್ಡದ ಜಿಲ್ಲೆಯಿಂದ ಬರೆಯುತ್ತಿರುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಅಮಾವಾಸ್ಯೆ, ಹುಣ್ಣಿಮೆಯ ಸಲಹೆ. ತಿಂಗಳಿಗೆ ಎರಡೇ ರಜೆಯಾಗುತ್ತದೆ. ನಿಮ್ಮ ಸೊಸೆಯವರು ಬ್ಯಾಂಕಿನಲ್ಲಿದ್ದಾರೆಂದು ಬರೆದಿದ್ದೀರಿ, ಒಮ್ಮೆ ಅವರನ್ನು ಕೇಳಿ ನೋಡಿ. ಫ್ರಾನ್ಸಿನ ಕ್ರಾಂತಿಕಾರಿಗಳು 1793ರಲ್ಲಿ ಹತ್ತು ದಿನಕ್ಕೊಂದು ರಜೆ ಮಾಡಿ, 1806ರ ಹೊತ್ತಿಗೆ ಕೈಬಿಟ್ಟರು. ಸೋವಿಯತ್ ಸರ್ಕಾರ 1929ರಲ್ಲಿ ಐದು ದಿನದ ವಾರ ತಂದು, ಒಬ್ಬೊಬ್ಬರಿಗೆ ಒಂದೊಂದು ದಿನ ರಜೆ ಕೊಟ್ಟಿತು. ಯಂತ್ರ ನಿಲ್ಲಲಿಲ್ಲ, ಗಂಡ ಹೆಂಡತಿಗೆ ಒಟ್ಟಿಗೆ ರಜೆ ಸಿಗದೆ ಹೋಯಿತು. 1940ರಲ್ಲಿ ಹಳೆಯ ವಾರವೇ ಮರಳಿತು.

ಕೊನೆಯಲ್ಲಿ ನೀವು ಕೇಳಿದ ಪ್ರಶ್ನೆ: ಗ್ರಹಗಳು ಒಂಬತ್ತಿರುವಾಗ ವಾರಕ್ಕೆ ಏಳೇ ದಿನವೇಕೆ? ಬರಿಗಣ್ಣಿಗೆ ಕಾಣುವವು ಏಳೇ. ರಾಹು, ಕೇತುಗಳು ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಬಿಂದುಗಳು. ಸ್ವಂತದ ಒಂದು ದಿನ ದಕ್ಕದ ರಾಹು ಸುಮ್ಮನಿರಲಿಲ್ಲ ನೋಡಿ. ಪ್ರತಿ ಹಗಲಿನಲ್ಲಿಯೂ ಎಂಟನೆಯ ಒಂದು ಪಾಲನ್ನು ತನ್ನದಾಗಿಸಿಕೊಂಡ. ಭಾನುವಾರ ಅದು ಸಂಜೆ ನಾಲ್ಕೂವರೆಯಿಂದ ಆರರವರೆಗೆ.

– ಸಂಪಾದಕ