ಹಳೇ ಪದ್ಮಿನಿ ಕಾರಿನ ರೇಡಿಯೇಟರ್ ಸೋರುತ್ತಿದೆ. ದಾವಣಗೆರೆಯಲ್ಲಿ ರಿಪೇರಿ ಮಾಡಿಸೋದಾ, ಹೊಸದು ಹಾಕಿಸೋದಾ?
ಮೊದಲು ರಿಪೇರಿಯನ್ನೇ ನೋಡಿ. ಆ ಕಾಲದ ರೇಡಿಯೇಟರ್ ತಾಮ್ರ, ಹಿತ್ತಾಳೆಯದ್ದು. ಬೆಸುಗೆ ಚೆನ್ನಾಗಿ ಹಿಡಿಯುತ್ತದೆ. ಈಗಿನ ಅಲ್ಯೂಮಿನಿಯಂ, ಪ್ಲಾಸ್ಟಿಕ್‌ನವಕ್ಕೆ ಆ ಭಾಗ್ಯವಿಲ್ಲ. ಲಾರಿ ರೇಡಿಯೇಟರ್ ಕೆಲಸ ಮಾಡುವವರ ಹತ್ತಿರ ಒಯ್ಯಿರಿ. ಬಿಚ್ಚಿ, ನೀರಲ್ಲಿ ಮುಳುಗಿಸಿ ಗಾಳಿ ಬಿಟ್ಟರೆ ಗುಳ್ಳೆ ಬಂದಲ್ಲೇ ತೂತು. ಒಂದೆರಡಾದರೆ ಬೆಸುಗೆ ಸಾಕು. ಕೊಳವೆಗಳೇ ಸವೆದು ಹಸಿರುಗಟ್ಟಿದ್ದರೆ ಮೇಲಿನ, ಕೆಳಗಿನ ಟ್ಯಾಂಕ್ ಉಳಿಸಿಕೊಂಡು ನಡುವಿನ ಕೋರ್, ಅಂದರೆ ಕೊಳವೆಗಳಿರುವ ಭಾಗ, ಮಾತ್ರ ಬದಲಿಸಿ. ಗಾಡಿಯ ಅಸಲಿ ರೂಪವೂ ಉಳಿಯುತ್ತದೆ, ಅಲ್ವಾ?

ಸೋರಿಕೆ ನಿಲ್ಲಿಸಲು ರೇಡಿಯೇಟರ್‌ಗೆ ಅರಿಶಿನ ಪುಡಿ ಸುರಿಯುವ ಹಳೇ ಡ್ರೈವರ್‌ಗಳ ಉಪಾಯ ಊರು ಮುಟ್ಟೋವರೆಗೆ ಸರಿ. ಜಾಸ್ತಿಯಾದರೆ ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಬೋರ್ ನೀರಂತೂ ಬೇಡವೇ ಬೇಡ, ಗಡಸು ನೀರಿಗೆ ಒಳಗೆ ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಜೊತೆ ಕೂಲಂಟ್ ಹಾಕಿಸಿ.