ಲಾಭ ಎಂದಿರಿ, ಯಾವುದಕ್ಕೆ ಹೋಲಿಸಿ?

ಗದಗಿನ ಗೆಳೆಯರೇ, ನಮಸ್ಕಾರ.

2010ರ ಕಾಮನ್‌ವೆಲ್ತ್ ಕ್ರೀಡಾಕೂಟದಿಂದ ದೆಹಲಿಗೆ ಶಾಶ್ವತ ಲಾಭವಾಯಿತು, 2030ರಲ್ಲಿ ಅಹಮದಾಬಾದಿಗೂ ಆಗುತ್ತದೆ, ಹುಬ್ಬಳ್ಳಿ-ಧಾರವಾಡವೂ ಇಂಥ ಕೂಟ ತರಿಸಿಕೊಳ್ಳಬೇಕು ಎಂಬ ನಿಮ್ಮ ಲೇಖನ ಓದಿದೆ. ಭಾಷೆ ಹಿಡಿತದಲ್ಲಿದೆ. ಆದರೆ ಈಗಿರುವಂತೆ ಪ್ರಕಟಿಸಲಾರೆ. ಶಾಶ್ವತ ಎನ್ನುತ್ತೀರಿ, ಕೊಟ್ಟಿರುವ ಅಂಕಿಗಳೆಲ್ಲ ಕೂಟ ನಡೆದ ಅಕ್ಟೋಬರ್ 3ರಿಂದ 14ರೊಳಗಿನವು.

ಮೆಟ್ರೊವನ್ನು ಇಡಿಯಾಗಿ ಕೂಟದ ಖಾತೆಗೆ ಜಮಾ ಮಾಡಿದ್ದೀರಿ. ದೆಹಲಿ ಮೆಟ್ರೊ ಓಡತೊಡಗಿದ್ದು 2002ರ ಡಿಸೆಂಬರ್‌ನಲ್ಲಿ. ಕೂಟ ದೆಹಲಿಯ ಪಾಲಾದದ್ದು 2003ರ ನವೆಂಬರ್‌ನಲ್ಲಿ. ಆದ್ದರಿಂದ ಪ್ರತಿ ಕಾಮಗಾರಿಯನ್ನೂ ಮೂರರಲ್ಲಿ ಒಂದು ಕಡೆ ಹಾಕಿ: ಕೂಟ ಬರದಿದ್ದರೂ ಆಗುತ್ತಿದ್ದದ್ದು, ಕೂಟದಿಂದಾಗಿ ಬೇಗ ಆದದ್ದು, ಕೂಟಕ್ಕೆಂದೇ ಆದದ್ದು. ಎರಡನೆಯದರಲ್ಲಿ ಲಾಭವೆಂದರೆ ಬೇಗ ಆದದ್ದರಿಂದ ಉಳಿತಾಯವಾದ ವರ್ಷಗಳಷ್ಟೇ, ಇಡೀ ಕಾಮಗಾರಿಯಲ್ಲ.

ಪ್ರೇಕ್ಷಕರ ಖರ್ಚಿನ ಲೆಕ್ಕವೂ ಉಬ್ಬಿದೆ. ಹುಬ್ಬಳ್ಳಿಯವರೇ ತಮ್ಮೂರಿನ ದುರ್ಗದಬೈಲು ಪೇಟೆಯಲ್ಲಿ ಖರ್ಚು ಮಾಡುತ್ತಿದ್ದ ಹಣವನ್ನು ಟಿಕೆಟ್ಟಿಗೆ ಕೊಟ್ಟರೆ ಊರಿಗೆ ಹೊಸ ಹಣ ಬಂದಂತಲ್ಲ. ಗದ್ದಲಕ್ಕೆ ಹೆದರಿ ಬಾರದವರನ್ನೂ ಕಳೆಯಬೇಕು. ಲಂಡನ್ ಒಲಿಂಪಿಕ್ಸ್ ನಡೆದ 2012ರ ಆಗಸ್ಟ್‌ನಲ್ಲಿ ಬ್ರಿಟನ್ನಿಗೆ ಬಂದ ವಿದೇಶಿಯರ ಸಂಖ್ಯೆ ಹಿಂದಿನ ಆಗಸ್ಟ್‌ಗಿಂತ ಇಳಿಯಿತು, ಅವರ ಒಟ್ಟು ಖರ್ಚು ಏರಿತು. ಜನರನ್ನೂ ಹಣವನ್ನೂ ಬೇರೆ ಬೇರೆ ಎಣಿಸಿ ಎನ್ನುವುದು ಇದಕ್ಕೇ.

ಇನ್ನು ಅವಧಿ. ಒಲಿಂಪಿಕ್ ಸಮಿತಿ ರೂಪಿಸಿದ ಪರಿಣಾಮ ಅಧ್ಯಯನ ಕೂಟದ ನಂತರ 3 ವರ್ಷಕ್ಕೆ ನಿಲ್ಲುತ್ತಿತ್ತು. ನನಗದು ಸಾಲದು: ಮಾಂಟ್ರಿಯಲ್ 1976ರ ಒಲಿಂಪಿಕ್ಸ್‌ನ ಸಾಲ ತೀರಿಸಿದ್ದು 2006ರಲ್ಲಿ. ಒಂದನೇ, ಮೂರನೇ, ಹತ್ತನೇ ವರ್ಷ ಅಳೆಯಿರಿ. ಸಾಲವಿದ್ದರೆ ಅದು ತೀರುವವರೆಗೂ.

ದೆಹಲಿಯನ್ನು ಬಿಟ್ಟು ಕೈಗೆಟುಕುವುದರಿಂದ ಆರಂಭಿಸಿ ಎಂಬುದು ನನ್ನ ಆಗ್ರಹ. 2023ರ ಜನವರಿಯಲ್ಲಿ ರಾಷ್ಟ್ರೀಯ ಯುವಜನೋತ್ಸವ ನಮ್ಮ ಅವಳಿ ನಗರದಲ್ಲೇ ನಡೆಯಿತು. ಅಂತರರಾಷ್ಟ್ರೀಯವಲ್ಲ, ಆದರೆ ಅಳೆಯುವ ಕ್ರಮ ಅದೇ, ದಾಖಲೆಗಳೂ ಇಲ್ಲೇ ಇವೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಆಗ ರಿಪೇರಿಯಾದ ರಸ್ತೆ, ಮೈದಾನ, ಸಭಾಂಗಣಗಳ ಪಟ್ಟಿ ಕೇಳಿ. ಜತೆಗೆ ಪ್ರತಿಯೊಂದರ ನಿರ್ವಹಣಾ ವೆಚ್ಚ ವರ್ಷವಾರು. ಮೈದಾನಕ್ಕೆ ಹೆಸ್ಕಾಂ ವಿದ್ಯುತ್ ಬಿಲ್ಲು, ಸಿಬ್ಬಂದಿ ಸಂಬಳ, ಬುಕಿಂಗ್ ರಿಜಿಸ್ಟರ್ ಮೂರೂ ಬೇಕು. ವರ್ಷದ ವೆಚ್ಚವನ್ನು ಮಕ್ಕಳು ನಿಜಕ್ಕೂ ಆಡಿದ ಗಂಟೆಗಳಿಂದ ಭಾಗಿಸಿದರೆ ಒಂದು ಗಂಟೆಯ ಆಟಕ್ಕೆ ಊರು ತೆರುವ ಬೆಲೆ ಸಿಗುತ್ತದೆ. ಸಮಾವೇಶ, ವಸ್ತುಪ್ರದರ್ಶನಗಳ ಗಂಟೆಗಳನ್ನು ಇದರಲ್ಲಿ ಸೇರಿಸಬೇಡಿ.

ಹೋಲಿಕೆಗೆ ಬೆಳಗಾವಿ, ದಾವಣಗೆರೆಗಳ ಅದೇ ವರ್ಷಗಳ ಅಂಕಿ ಇಡಿ. ಅಲ್ಲೂ ಅಷ್ಟೇ ಏರಿಕೆಯಾಗಿದ್ದರೆ ಉತ್ಸವಕ್ಕೆ ಶ್ರೇಯ ಕೊಡುವಂತಿಲ್ಲ. 2020, 2021ನ್ನು ಮಾತ್ರ ಆಧಾರ ವರ್ಷ ಮಾಡಿಕೊಳ್ಳಬೇಡಿ. ಕೋವಿಡ್‌ನಿಂದ ಹೋಟೆಲು, ಬಸ್ಸು ಖಾಲಿಯಿದ್ದ ಕಾಲ ಅದು. ಅದಕ್ಕೆ ಹೋಲಿಸಿದರೆ ಮುಂದಿನ ಯಾವ ವರ್ಷವಾದರೂ ಲಾಭದ್ದೇ ಅನಿಸುತ್ತದೆ. 2017ರಿಂದ 2019ರ ಸರಾಸರಿ ಹಿಡಿಯಿರಿ, ಬೆಲೆಯೇರಿಕೆಯನ್ನು ಕಳೆಯಿರಿ.

ಮೈದಾನದ ಸುತ್ತಲಿನ ಬೀದಿಬದಿ ವ್ಯಾಪಾರಿಗಳನ್ನು ಆಗ ಎಬ್ಬಿಸಿದ್ದರೇ, ಎಬ್ಬಿಸಿದ್ದರೆ ಮರಳಿ ಜಾಗ ಸಿಕ್ಕಿತೇ ಎಂದೂ ವಿಚಾರಿಸಿ. ನಗರದ ಸರಾಸರಿ ಏರಿದಾಗಲೂ ಇಂಥವರ ನಷ್ಟ ಅದರೊಳಗೆ ಅಡಗಿಹೋಗುತ್ತದೆ, ಮತ್ತು ನಿಮ್ಮ ಲೇಖನದಲ್ಲಿ ಅವರ ಸುದ್ದಿಯೇ ಇಲ್ಲ.

ಲೇಖನವನ್ನು ಈಗಲೇ ತಿದ್ದಲು ಹೋಗಬೇಡಿ. ಮೊದಲು ಈ ಅಂಕಿಗಳ ಕೋಷ್ಟಕವನ್ನಷ್ಟೇ ಕಳಿಸಿ, ನೋಡಿ ಮುಂದಿನದು ಬರೆಯುತ್ತೇನೆ.

ಇಂತಿ,
ಸಂಪಾದಕ, ಧಾರವಾಡ